ಸಿಟ್ಟಿನ ಫೋಟೋ ಸುಲಭ, ಬೇಡಿಕೆಯ ಫೋಟೋ ಕಷ್ಟ

ಮದುವೆ ಫೋಟೋ ನನ್ನ ಹೊಟ್ಟೆಪಾಡು. ಧರಣಿ, ಜಾಥಾ, ಮೆರವಣಿಗೆಗಳ ಫೋಟೋ ನಾನಾಗಿಯೇ ಮೈಮೇಲೆ ಎಳೆದುಕೊಂಡ ಕೆಲಸ. ನಾನು ಯಾವ ಪತ್ರಿಕೆಯವನೂ ಅಲ್ಲ. ಬೆಂಗಳೂರಿನ ಒಂದೆರಡು ಕಾರ್ಮಿಕ ಸಂಘಟನೆಯವರು, ಸುತ್ತಮುತ್ತಲಿನ ರೈತರು ಕರೆದರೆ ಹೋಗುತ್ತೇನೆ. ಕೆಲವು ಸಲ ಕರೆಯದೆಯೂ ಹೋಗುತ್ತೇನೆ. ಹೊಸ ಹುಡುಗ ಹುಡುಗಿಯರು ಅಲ್ಲಿ ಸಿಕ್ಕಾಗ ಮೊದಲು ಕೇಳೋದು ‘ಯಾವ ಲೆನ್ಸ್ ಅಣ್ಣ?’ ಅಂತ. ಹೇಳುತ್ತೇನೆ. ಅದಕ್ಕೂ ಮೊದಲು ನಾನೊಂದು ಪ್ರಶ್ನೆ ಕೇಳುತ್ತೇನೆ: ‘ಇವರು ಏನು ಕೇಳ್ತಿದಾರೆ, ಗೊತ್ತಾ?’ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಘೋಷಣೆ ಕೇಳಿರುತ್ತಾರೆ, ಬೇಡಿಕೆ ಪತ್ರ ಓದಿರುವುದಿಲ್ಲ.

ನನ್ನ ಕೆಲಸವೆಲ್ಲ ಈ ಒಂದು ತೊಡಕಿನ ಸುತ್ತಲೇ ತಿರುಗುತ್ತದೆ. ಸಿಟ್ಟಿನ ಫೋಟೋ ತೆಗೆಯೋದು ಸುಲಭ. ಮುಷ್ಟಿ ಎತ್ತಿರುತ್ತಾರೆ, ಬಾಯಿ ತೆರೆದಿರುತ್ತದೆ, ಬಾವುಟ ಹಾರುತ್ತಿರುತ್ತದೆ, ಪಕ್ಕದಲ್ಲಿ ತಮಟೆ ಬಾರಿಸುತ್ತಿರುತ್ತಾರೆ. ಕ್ಯಾಮೆರಾ ಎತ್ತಿದರೆ ಸಾಕು. ಆದರೆ ಆ ಮುಷ್ಟಿ ಗೌರವಧನಕ್ಕೆ ಎತ್ತಿದ್ದೋ, ಜಮೀನಿಗೋ, ಪಿಎಫ್‌ಗೋ? ಫೋಟೋ ನೋಡಿದವರಿಗೆ ಗೊತ್ತಾಗುವುದಿಲ್ಲ. ಹತ್ತು ಪ್ರತಿಭಟನೆಗಳ ಮುಷ್ಟಿಗಳನ್ನು ಕಲಸಿಟ್ಟರೆ ಯಾವುದು ಯಾವ ಹೋರಾಟದ್ದು ಅಂತ ತೆಗೆದವನಿಗೇ ನೆನಪಿರುವುದಿಲ್ಲ. ಬೇಡಿಕೆ ಕಾಣುವಂಥ ಫೋಟೋ ಬೇಕು. ಅದು ಕಷ್ಟ. ಯಾಕೆಂದರೆ ಬೇಡಿಕೆ ಅನ್ನೋದು ಬಹಳ ಸಲ ಒಂದು ಸುತ್ತೋಲೆ, ಒಂದು ಅಧಿಸೂಚನೆ, ಒಂದು ನಿಯಮ. ಅದಕ್ಕೆ ಮುಖ ಇರುವುದಿಲ್ಲ.

2016ರ ಏಪ್ರಿಲ್ ಇದನ್ನು ನನ್ನ ತಲೆಗೆ ಹತ್ತಿಸಿತು. ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತ್ತು. ಕೆಲಸ ಬಿಟ್ಟರೂ ಮಾಲೀಕರ ಪಾಲಿನ ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿರಲಿಲ್ಲ. ಗಾರ್ಮೆಂಟ್ಸಿನಲ್ಲಿ 58ರವರೆಗೆ ಮಿಷಿನ್ ಮುಂದೆ ಯಾರು ಕೂರುತ್ತಾರೆ? ನಲವತ್ತು ದಾಟುವಷ್ಟರಲ್ಲಿ ಕಣ್ಣು, ಸೊಂಟ ಎರಡೂ ಹೋಗಿರುತ್ತವೆ. ಪಿಎಫ್ ಅಂದರೆ ಅವರಿಗೆ ಮುಪ್ಪಿನ ದುಡ್ಡಲ್ಲ. ಮಗಳ ಮದುವೆ, ಮನೆ ಭೋಗ್ಯ, ಸಂಘದ ಸಾಲ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಫ್ಯಾಕ್ಟರಿ ಬಿಟ್ಟು ಹೊಸೂರು ರಸ್ತೆಗೂ, ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸ್‌ಗೂ ಇಳಿದರು. ಮುಂದೆ ನಿಂತು ಕರೆ ಕೊಟ್ಟ ದೊಡ್ಡ ನಾಯಕರು ಯಾರೂ ಇರಲಿಲ್ಲ. ಬೊಮ್ಮನಹಳ್ಳಿ ಕಡೆ ನಾನೂ ಇದ್ದೆ. ಎರಡನೇ ದಿನ ಕಲ್ಲು ಬಿತ್ತು, ಬಸ್ಸು ಉರಿಯಿತು, ಲಾಠಿ ಬೀಸಿದರು. ಅದೇ ದಿನ ಸಂಜೆ ಸರ್ಕಾರ ನಿಯಮವನ್ನು ವಾಪಸ್ ಪಡೆಯಿತು. ಬೆಂಗಳೂರಿನ ಟೈಲರ್‌ಗಳು ಇಡೀ ದೇಶದ ಕಾರ್ಮಿಕರ ಪಿಎಫ್ ಉಳಿಸಿದರು.

ಈಗ ಆ ಹೋರಾಟದ ಚಿತ್ರ ಹುಡುಕಿ ನೋಡಿ. ಎದುರಿಗೆ ಬರೋದು ಹೊಗೆ, ಸುಟ್ಟ ಬಸ್ಸು, ಓಡುವ ಪೊಲೀಸರು. ಸುಳ್ಳಲ್ಲ, ಅದೂ ನಡೆದದ್ದೇ. ಆದರೆ ಗೆದ್ದ ವಿಷಯ ಚಿತ್ರದಲ್ಲಿ ಎಲ್ಲೂ ಇಲ್ಲ. ಹೊಗೆ ಏಳುವ ಮುಂಚೆ ಹೆಂಗಸರು ಟಿಫನ್ ಬಾಕ್ಸ್ ಪಕ್ಕದಲ್ಲಿಟ್ಟುಕೊಂಡು ರಸ್ತೆಯ ಮಧ್ಯೆ ಕೂತಿದ್ದರು. ಆ ಫೋಟೋಗಳನ್ನು ಯಾರೂ ಕೇಳಲಿಲ್ಲ. ಆಮೇಲೆ ನಾನು ಕೆಲವರ ಮನೆಗೆ ಹೋಗಿ ಪಿಎಫ್ ಸ್ಲಿಪ್ ಕೈಯಲ್ಲಿ ಹಿಡಿಸಿ ತೆಗೆದೆ. ಕೈ ಮತ್ತು ಕಾಗದ ಅಷ್ಟೇ, ಮುಖ ಬೇಡ ಅಂದಿದ್ದರು. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತು, ಕಾಗದದಲ್ಲಿ ಮೊತ್ತ. ಹತ್ತು ಹನ್ನೆರಡು ವರ್ಷದ ದುಡಿಮೆಗೆ ಇಷ್ಟೇನಾ ಅನ್ನಿಸುವ ಮೊತ್ತ. ‘ಇಷ್ಟಕ್ಕೆ ಗಲಾಟೆನಾ?’ ಅಂತ ಕೇಳುವವರಿಗೆ ತೋರಿಸಲು ಅದಕ್ಕಿಂತ ಒಳ್ಳೆಯದು ನನ್ನ ಹತ್ತಿರ ಇಲ್ಲ.

ಅಂದಿನಿಂದ ಪ್ರತಿಭಟನೆಗೆ ಹೊರಡುವ ಮೊದಲು ಬೇಡಿಕೆ ಪತ್ರ ತರಿಸಿಕೊಳ್ಳುತ್ತೇನೆ. ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಓದಿ, ಗೊತ್ತಾಗದ್ದನ್ನು ಫೋನ್ ಮಾಡಿ ಕೇಳುತ್ತೇನೆ. ‘ಈ ಐದರಲ್ಲಿ ನಿಜವಾಗಿ ಯಾವುದು ಸಿಕ್ಕರೆ ಎದ್ದು ಹೋಗ್ತೀರಿ?’ ಅಂತ ಕೇಳಿದರೆ ನಗುತ್ತಾರೆ, ಆದರೆ ಹೇಳುತ್ತಾರೆ. ಆ ಒಂದು ಬೇಡಿಕೆ ಯಾವ ವಸ್ತುವಿನಲ್ಲಿ, ಯಾವ ಜಾಗದಲ್ಲಿ, ಯಾರ ದೇಹದಲ್ಲಿ ಕಾಣುತ್ತದೆ ಅಂತ ಯೋಚಿಸೋದೇ ನನ್ನ ತಯಾರಿ.

ಆಶಾ ಕಾರ್ಯಕರ್ತೆಯರ ಹೋರಾಟ ಇದಕ್ಕೆ ಒಳ್ಳೆಯ ಉದಾಹರಣೆ. 2025ರ ಜನವರಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಅವರು ಹಗಲು ರಾತ್ರಿ ಕೂತಿದ್ದರು. ಗುಲಾಬಿ ಸೀರೆಯ ಸಮುದ್ರ. ಮೇಲಿನಿಂದ ತೆಗೆದರೆ ಎಂಥವನೂ ‘ವಾಹ್’ ಅನ್ನುವಂಥ ಫೋಟೋ. ನಾನೂ ತೆಗೆದೆ, ಅದು ಬೇಕು, ಎಷ್ಟು ಜನ ಬಂದಿದ್ದರು ಅನ್ನೋದಕ್ಕೆ ಅದೇ ಪುರಾವೆ. ಆದರೆ ಅವರು ಕೇಳುತ್ತಿದ್ದದ್ದು ತಿಂಗಳಿಗೆ 15,000 ರೂಪಾಯಿ ನಿಗದಿತ ಗೌರವಧನ. ಅದರ ಹಿಂದಿನ ನೋವು ಪೋರ್ಟಲ್, ಅಂದರೆ ಕೆಲಸದ ಲೆಕ್ಕ ಏರಿಸುವ ಸರ್ಕಾರಿ ವೆಬ್‌ಸೈಟ್. ಅವರು ಮಾಡಿದ ಒಂದೊಂದು ಕೆಲಸಕ್ಕೂ ಪ್ರೋತ್ಸಾಹಧನ ಅಂತ ಇದೆ. ಬಸುರಿಯನ್ನು ತಪಾಸಣೆಗೆ ಕರೆದುಕೊಂಡು ಹೋದರೆ ಇಷ್ಟು, ಹೆರಿಗೆಗೆ ಇಷ್ಟು, ಲಸಿಕೆಗೆ ಇಷ್ಟು. ಮಾಡಿದ ಕೆಲಸ ಆನ್‌ಲೈನಿನಲ್ಲಿ ಏರದಿದ್ದರೆ ದುಡ್ಡಿಲ್ಲ. ಇದನ್ನು ಹೇಗೆ ತೆಗೀತೀರಿ?

ಅವರ ಬ್ಯಾಗಿನಲ್ಲಿ ಡೈರಿ ಇತ್ತು. ಯಾವ ದಿನ ಯಾವ ಮನೆ, ಯಾವ ಮಗು, ಎಲ್ಲ ನೀಟಾಗಿ ಬರೆದದ್ದು. ಬ್ಯಾಂಕ್ ಪಾಸ್‌ಬುಕ್ ಕೂಡ ಇತ್ತು. ಒಬ್ಬರನ್ನು ಕೇಳಿಕೊಂಡೆ, ‘ಅಕ್ಕಾ, ಒಂದು ತಿಂಗಳ ಡೈರಿ, ಅದೇ ತಿಂಗಳ ಪಾಸ್‌ಬುಕ್, ಎರಡೂ ಮಡಿಲ ಮೇಲೆ ಬಿಚ್ಚಿಟ್ಟುಕೊಳ್ತೀರಾ?’ ಪಕ್ಕದವರೂ ಬಿಚ್ಚಿದರು. ನೋಡನೋಡುತ್ತಾ ಒಂದು ಸಾಲೇ ಆಯಿತು. ಡೈರಿಯಲ್ಲಿ ತುಂಬಿದ ಪುಟ, ಪಾಸ್‌ಬುಕ್ಕಿನಲ್ಲಿ ಒಂದು ಸಣ್ಣ ಸಾಲು. ಬಸುರಿಯರ ಹೆಸರು, ಮನೆ ವಿಳಾಸ ಕಾಣದ ಹಾಗೆ ಬೆರಳಿಟ್ಟು ಮುಚ್ಚಿಸಿದೆ. ಖಾತೆ ನಂಬರನ್ನೂ ಅಷ್ಟೇ. ಆರೋಗ್ಯದ ಮಾಹಿತಿ ಇನ್ನೊಬ್ಬರದ್ದು, ಅದನ್ನು ಹೊರಗೆ ಹಾಕುವ ಹಕ್ಕು ನನಗೂ ಇಲ್ಲ, ಅವರಿಗೂ ಇಲ್ಲ. ಆಮೇಲೆ ಸಂಘಟನೆಯವರು ಕರಪತ್ರಕ್ಕೆ ಆರಿಸಿಕೊಂಡಿದ್ದು ಗುಲಾಬಿ ಸಮುದ್ರವನ್ನಲ್ಲ, ಇದನ್ನು. ಆ ಸಲ ಮುಖ್ಯಮಂತ್ರಿಗಳ ಜೊತೆ ಮಾತುಕತೆಯಾಗಿ, ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿ, ನಾಲ್ಕನೇ ದಿನ ಧರಣಿ ನಿಂತಿತು. ಆ ಭರವಸೆ ಈಡೇರಲಿಲ್ಲ ಅಂತ ಮತ್ತೆ ಬೀದಿಗೆ ಬಂದದ್ದೂ ಆಯಿತು. ಫೋಟೋದಿಂದ ಗೌರವಧನ ಹೆಚ್ಚಾಯಿತು ಅಂತ ನಾನು ಯಾವತ್ತೂ ಹೇಳಲ್ಲ. ಚಳಿಯಲ್ಲಿ ಮಲಗಿದವರು ಅವರು.

ಫ್ರೀಡಂ ಪಾರ್ಕಿನ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಹಳೇ ಸೆಂಟ್ರಲ್ ಜೈಲಿದ್ದ ಜಾಗ ಅದು. ಮೊದಲು ಟೌನ್ ಹಾಲ್ ಮೆಟ್ಟಿಲು, ಮೈಸೂರು ಬ್ಯಾಂಕ್ ಸರ್ಕಲ್, ಮೌರ್ಯ ಸರ್ಕಲ್ಲಿನ ಗಾಂಧಿ ಪ್ರತಿಮೆ, ಹೀಗೆ ಎಲ್ಲೆಲ್ಲೋ ಪ್ರತಿಭಟನೆ ನಡೆಯುತ್ತಿತ್ತು. ಪೊಲೀಸರ 2021ರ ಆದೇಶ ಬಂದ ಮೇಲೆ ಬೆಂಗಳೂರಿನಲ್ಲಿ ಪ್ರತಿಭಟನೆ ಅಂದರೆ ಫ್ರೀಡಂ ಪಾರ್ಕ್ ಮಾತ್ರ. ಟ್ರಾಫಿಕ್ಕಿಗೆ ಒಳ್ಳೆಯದಾಯಿತು ಅನ್ನುವವರಿದ್ದಾರೆ, ಇರಲಿ. ಫೋಟೋ ತೆಗೆಯುವವನ ಕಡೆಯಿಂದ ನೋಡಿದರೆ ಆದದ್ದು ಇಷ್ಟು: ಮೊದಲು ಬಸ್ಸಿನಲ್ಲಿ ಕೂತವರು ಕಿಟಕಿಯಿಂದ ಬ್ಯಾನರ್ ಓದುತ್ತಿದ್ದರು, ‘ಏನಂತೆ?’ ಅಂತ ಕೇಳುತ್ತಿದ್ದರು. ಈಗ ಗೋಡೆಯೊಳಗೆ ಕೂತವರನ್ನು ಊರು ನೋಡುವ ದಾರಿ ಫೋಟೋ, ವಿಡಿಯೋ ಮಾತ್ರ. ಹಾಗಾಗಿ ನಮ್ಮ ಹೊಣೆ ಜಾಸ್ತಿಯಾಯಿತು, ಹಿನ್ನೆಲೆ ಮಾತ್ರ ಯಾವಾಗಲೂ ಒಂದೇ.

ಅಲ್ಲಿ ತೆಗೆಯುವವರಿಗೆ ದೊಡ್ಡ ತಲೆನೋವು ಶಾಮಿಯಾನ. ಕೆಂಪು, ಹಳದಿ, ನೀಲಿ ಬಟ್ಟೆಯ ಮೂಲಕ ಬೆಳಕು ಸೋರಿ ಒಬ್ಬರ ಮುಖ ಕೆಂಪು, ಪಕ್ಕದವರದು ನೀಲಿ ಆಗುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಸರಿ ಮಾಡಲು ಹೋದರೆ ರಾತ್ರಿಯಿಡೀ ಬೇಕು. ನಾನು ಶಾಮಿಯಾನದ ಅಂಚಿಗೆ ಹೋಗುತ್ತೇನೆ. ಅಲ್ಲಿ ಹೊರಗಿನ ಬೆಳಕು ಪಕ್ಕದಿಂದ ಬೀಳುತ್ತದೆ, ಮುಖ ಮುಖದ ಬಣ್ಣದಲ್ಲೇ ಇರುತ್ತದೆ. ಬಿಳಿ ಬಟ್ಟೆ ಹಾಕಿಸಿ ಅಂತ ಸಂಘಟನೆಯವರಿಗೆ ಹೇಳಿ ಹೇಳಿ ಸಾಕಾಗಿದೆ. ಮಧ್ಯಾಹ್ನದ ಬಿಸಿಲಲ್ಲಿ ಮೆರವಣಿಗೆ ತೆಗೆಯುವಾಗ ಕಣ್ಣಿನ ಕೆಳಗೆ ಕಪ್ಪು ಬೀಳುತ್ತದೆ. ಆಗ ಟವೆಲ್, ಸೆರಗು, ಹಸಿರು ಶಾಲು ತಲೆಗೆ ಹಾಕಿಕೊಂಡವರನ್ನು ಹುಡುಕುತ್ತೇನೆ, ಆ ನೆರಳಲ್ಲಿ ಮುಖ ಚೆನ್ನಾಗಿ ಬರುತ್ತದೆ. ರೈಲ್ವೆ ಸ್ಟೇಷನ್ನಿನಿಂದ ಬರುವ ಮೆರವಣಿಗೆಯನ್ನು ಆನಂದರಾವ್ ಸರ್ಕಲ್ ಫ್ಲೈಓವರ್ ಮೇಲೆ ನಿಂತು ತೆಗೆಯೋದು ಬೆಂಗಳೂರಿನ ಎಲ್ಲ ಫೋಟೋಗ್ರಾಫರ್‌ಗಳ ಹಳೇ ಚಾಳಿ. ಒಂದು ತೆಗೆದು ಕೆಳಗಿಳಿದು ಬಿಡಿ. ಲೆನ್ಸ್ ಕೇಳಿದ್ದಿರಲ್ಲ, 35 ಎಂಎಂ. ಹತ್ತಿರ ಹೋಗಲೇಬೇಕಾದ ಲೆನ್ಸ್ ಅದು. ದೂರದಿಂದ ಎಳೆಯುವ ದೊಡ್ಡ ಲೆನ್ಸಿನಲ್ಲಿ ತೆಗೆದರೆ ಅವರಿಗೆ ನೀವು ಯಾರು ಅಂತಲೇ ಗೊತ್ತಾಗಲ್ಲ, ನಿಮಗೂ ಅವರು ಏನು ಮಾತಾಡುತ್ತಿದ್ದಾರೆ ಕೇಳಿಸಲ್ಲ. ಮೊಬೈಲಿನಲ್ಲಿ ತೆಗೆದರೂ ನಡೆಯುತ್ತದೆ.

ಮದುವೆಯಲ್ಲಿ ಮುಹೂರ್ತ ಯಾವಾಗ ಅಂತ ಫೋಟೋಗ್ರಾಫರಿಗೆ ಗೊತ್ತಿರಬೇಕಲ್ಲ, ಧರಣಿಗೂ ಹಾಗೇ ಒಂದು ಮುಹೂರ್ತ ಇದೆ. ಮನವಿ ಪತ್ರ ಕೊಡುವ ಗಳಿಗೆ ಅದು. ಪತ್ರಿಕೆಯ ಫೋಟೋಗ್ರಾಫರ್‌ಗಳು ಆ ಹೊತ್ತಿಗೆ ಕ್ಯಾಮೆರಾ ಬ್ಯಾಗಿಗೆ ಹಾಕಿಕೊಂಡು ಟೀ ಅಂಗಡಿ ಕಡೆ ಹೋಗಿರುತ್ತಾರೆ. ನೋಡಲು ಅಷ್ಟು ಬೇಜಾರಿನ ಚಿತ್ರ ಬೇರೆ ಇಲ್ಲ: ನಾಲ್ಕು ಜನ ನಿಂತಿದ್ದಾರೆ, ಮಧ್ಯೆ ಕಾಗದ, ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ. ಆದರೆ ಸಂಘಟನೆಗಳು ವರ್ಷಗಟ್ಟಲೆ ಜೋಪಾನ ಮಾಡೋದು ಅದನ್ನೇ. ಯಾವ ದಿನ, ಯಾವ ಮಂತ್ರಿ, ಯಾವ ಅಧಿಕಾರಿ ಬಂದು ಪತ್ರ ತಗೊಂಡರು, ವೇದಿಕೆ ಮೇಲೆ ಏನು ಹೇಳಿದರು ಅನ್ನೋದಕ್ಕೆ ಅದು ಸಾಕ್ಷಿ. ನಾನು ಮೂರು ಫ್ರೇಮ್ ಬಿಡದೆ ತೆಗೆಯುತ್ತೇನೆ. ಕೊಡುವ ಕೈ, ತಗೊಳ್ಳುವ ಮುಖ, ಕಾಗದದ ಮೊದಲ ಪುಟ ಓದಲು ಬರುವಷ್ಟು ಸ್ಪಷ್ಟವಾಗಿ. ಮುಂದಿನ ವರ್ಷ ಅದೇ ಅಧಿಕಾರಿ ‘ಇಂಥ ಮನವಿ ನಮಗೆ ಬಂದೇ ಇಲ್ಲ’ ಅಂದಾಗ ಬೇಕಾಗೋದು ಈ ಬೇಜಾರಿನ ಫೋಟೋನೇ.

ಕೆಲವೊಮ್ಮೆ ಬೇಡಿಕೆ ತಾನಾಗಿ ಫ್ರೇಮಿನೊಳಗೆ ಬಂದು ನಿಲ್ಲುತ್ತದೆ. 2019ರ ಡಿಸೆಂಬರ್ 19ರಂದು ಪೌರತ್ವ ತಿದ್ದುಪಡಿ ಕಾಯ್ದೆ ವಿರೋಧಿಸಿ ಟೌನ್ ಹಾಲ್ ಮುಂದೆ ಜನ ಸೇರಿದ್ದರು. ನಗರದಲ್ಲಿ 144ನೇ ಸೆಕ್ಷನ್ ಹಾಕಿದ್ದರು. ಇತಿಹಾಸಕಾರ ರಾಮಚಂದ್ರ ಗುಹಾ ಟಿವಿಯವರ ಜೊತೆ ಮಾತಾಡುತ್ತಿದ್ದಾಗಲೇ ಪೊಲೀಸರು ಅವರನ್ನು ತೋಳು ಹಿಡಿದು ಎಳೆದುಕೊಂಡು ಹೋದರು. ಆ ಚಿತ್ರ ದೇಶವೆಲ್ಲ ಓಡಾಡಿತು. ಅವರು ದೊಡ್ಡ ಹೆಸರಿನವರು ಅನ್ನೋದು ಒಂದು ಕಾರಣ, ಒಪ್ಪೋಣ. ಇನ್ನೊಂದು ಕಾರಣ, ಅಲ್ಲಿ ಯಾವ ವಿವರಣೆಯೂ ಬೇಕಿರಲಿಲ್ಲ. ಮಾತಾಡುವ ಹಕ್ಕು ಕೇಳಲು ಬಂದವರನ್ನು ಮಾತಿನ ಮಧ್ಯದಲ್ಲೇ ಎಳೆಯುತ್ತಿದ್ದಾರೆ. ಆ ನಿಷೇಧಾಜ್ಞೆ ಕಾನೂನಿಗೆ ಹೊಂದಿರಲಿಲ್ಲ ಅಂತ ಎರಡು ತಿಂಗಳೊಳಗೆ ಕರ್ನಾಟಕ ಹೈಕೋರ್ಟ್ ಹೇಳಿತು. ಅದೇ ದಿನ ಅದೇ ಜಾಗದಲ್ಲಿ ಹೆಸರಿಲ್ಲದ ಎಷ್ಟೋ ಹುಡುಗರನ್ನು ಬಸ್ಸಿಗೆ ಹತ್ತಿಸಿದರು. ಅವರ ಚಿತ್ರಗಳು ನಮ್ಮಂಥವರ ಹಾರ್ಡ್ ಡಿಸ್ಕಿನಲ್ಲೇ ಉಳಿದವು.

ಚಿತ್ರ ಮನಸ್ಸು ಕರಗಿಸಿಯೂ ಬೇಡಿಕೆ ಮರೆಸಬಹುದು. 2018ರ ಮಾರ್ಚಿನಲ್ಲಿ ನಾಸಿಕ್‌ನಿಂದ ಮುಂಬೈಗೆ ಸುಮಾರು 180 ಕಿಲೋಮೀಟರ್ ನಡೆದು ಬಂದ ರೈತರು, ಆದಿವಾಸಿಗಳ ಪಾದದ ಚಿತ್ರಗಳು ನಿಮಗೂ ನೆನಪಿರಬೇಕು. ಬೊಬ್ಬೆ ಎದ್ದು, ಚರ್ಮ ಕಿತ್ತು ಬಂದ ಪಾದಗಳು. ಹತ್ತನೇ ಕ್ಲಾಸಿನ ಮಕ್ಕಳ ಪರೀಕ್ಷೆಗೆ ತೊಂದರೆಯಾಗಬಾರದು ಅಂತ ಕೊನೆಯ ರಾತ್ರಿ ನಿದ್ದೆಗೆಟ್ಟು ನಡೆದು ಆಜಾದ್ ಮೈದಾನ ಸೇರಿದರು. ಮುಂಬೈನ ಜನ ನೀರು, ತಿಂಡಿ, ಚಪ್ಪಲಿ ತಂದು ಕೊಟ್ಟರು. ಆ ಪಾದಗಳ ಚಿತ್ರ ತೆಗೆದವರಿಗೆ ನನ್ನ ನಮಸ್ಕಾರ. ಆದರೆ ಚಿತ್ರ ನೆನಪಿರುವವರನ್ನು ಕೇಳಿ ನೋಡಿ, ಅವರು ಏನು ಕೇಳಲು ಬಂದಿದ್ದರು ಅಂತ. ಸಾಲ ಮನ್ನಾ ಅನ್ನುತ್ತಾರೆ. ಅದೂ ಇತ್ತು. ಆದಿವಾಸಿಗಳ ಮುಖ್ಯ ಬೇಡಿಕೆ ಅರಣ್ಯ ಹಕ್ಕು ಕಾಯ್ದೆಯಡಿ ತಾವು ಉಳುವ ಜಮೀನಿನ ಪಟ್ಟಾ. ಪಾದದ ಗಾಯಕ್ಕೆ ಚಪ್ಪಲಿ ಸಿಕ್ಕಿತು, ಪಟ್ಟಾಕ್ಕೆ 2023ರಲ್ಲಿ ಅದೇ ದಾರಿಯಲ್ಲಿ ಮತ್ತೆ ನಡೆಯಬೇಕಾಯಿತು. ಅದೇ ಪಾದದ ಪಕ್ಕ ಅವರ ಕೈಯಲ್ಲಿದ್ದ ಅರ್ಜಿಯ ಕಾಗದವೂ ಕಂಡಿದ್ದರೆ? ನನಗೆ ಹಾಗೆ ಅನ್ನಿಸುತ್ತದೆ ಅಷ್ಟೇ, ತೆಗೆದವರ ಮೇಲೆ ದೂರಲ್ಲ.

ಜಮೀನಿನ ಹೋರಾಟದಲ್ಲಿ ನನಗೆ ಒಂದು ಅನುಕೂಲ ಇತ್ತು. ಬೇಡಿಕೆ ಕಣ್ಣೆದುರಿಗೇ ಹಸಿರಾಗಿ ಬಿದ್ದಿರುತ್ತದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನನ್ನು ಕೈಗಾರಿಕೆಗೆ ತಗೊಳ್ಳುತ್ತೇವೆ ಅಂತ ಸರ್ಕಾರ ಹೊರಟಿತ್ತು. 2022ರ ಏಪ್ರಿಲ್‌ನಿಂದ ಅಲ್ಲಿನ ರೈತರು ಧರಣಿ ಕೂತರು. ಧರಣಿ ಪೆಂಡಾಲನ್ನು ಎಷ್ಟು ಸಲ ಅಂತ ತೆಗೀತೀರಿ? ಅದೇ ಜಮಖಾನ, ಅದೇ ಮೈಕ್, ಅದೇ ಹಸಿರು ಶಾಲು. ನಾನು ಹೊಲಕ್ಕೆ ಹೋದೆ. ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ, ಗುಲಾಬಿ, ತರಕಾರಿ, ರಾಗಿ. ಕೆಲವು ಹೊಲಗಳ ಬದುವಿನ ಮೇಲೆ ಒಂದೇ ಜಾಗದಲ್ಲಿ ನಿಂತು, ಒಂದೇ ಲೆನ್ಸಿನಲ್ಲಿ, ಬೇರೆ ಬೇರೆ ಕಾಲದಲ್ಲಿ ತೆಗೆದೆ. ಉಳುಮೆ, ಪೈರು, ತೆನೆ, ಕೊಯ್ಲು. ಪಹಣಿಯಲ್ಲಿ ಸರ್ವೆ ನಂಬರ್ ನೋಡಿ ಫೋಟೋದ ಕೆಳಗೆ ಬರೆದೆ. ‘ಈ ಸರ್ವೆ ನಂಬರಿನಲ್ಲಿ ಈ ತಿಂಗಳು ಈ ಬೆಳೆ ಇತ್ತು’ ಅನ್ನುವಂಥ ಫೋಟೋಗೆ ಕಲೆ ಅಂತ ಯಾರೂ ಅನ್ನಲ್ಲ. ಆದರೆ ಜಮೀನು ಬರಡು, ಏನೂ ಬೆಳೆಯಲ್ಲ ಅಂತ ಯಾರಾದರೂ ಅಂದರೆ ಅದರ ಮುಂದೆ ಇಡಬಹುದು. ಪ್ರಿಂಟ್ ಹಾಕಿಸಿ ದಾರಕ್ಕೆ ಬಟ್ಟೆ ಕ್ಲಿಪ್ ಸಿಕ್ಕಿಸಿ ನೇತು ಹಾಕಿದಾಗ ರೈತರು ಒಬ್ಬೊಬ್ಬರಾಗಿ ಬಂದು ತಮ್ಮ ಹೊಲ ಹುಡುಕಿದರು. ‘ಇದು ನಮ್ದಲ್ಲ, ನಮ್ದು ಇದರ ಮೂಡಲಿಗೆ ಬರುತ್ತೆ, ನಮ್ದೂ ತೆಗಿ ಬಾರಪ್ಪ’ ಅಂತ ಒಬ್ಬ ಅಜ್ಜಿ ಕೈ ಹಿಡಿದು ಕರೆದುಕೊಂಡೇ ಹೋದರು. 2025ರ ಜೂನ್ 25ರಂದು ದೇವನಹಳ್ಳಿ ಚಲೋ ದಿನ ಪೊಲೀಸರು ಹೋರಾಟಗಾರರನ್ನು ವಶಕ್ಕೆ ತಗೊಂಡ ಚಿತ್ರಗಳು ಎಲ್ಲ ಕಡೆ ಬಂದವು. ಅದೂ ಮುಖ್ಯವೇ. ಜುಲೈ 15ಕ್ಕೆ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಅಷ್ಟೊತ್ತಿಗೆ ಧರಣಿ 1,198 ದಿನ ನಡೆದಿತ್ತು.

ಫೋಟೋ ಎಷ್ಟೇ ಚೆನ್ನಾಗಿದ್ದರೂ ಕೆಳಗಿನ ಸಾಲು ಸರಿಯಿಲ್ಲದಿದ್ದರೆ ವ್ಯರ್ಥ. ನನಗೆ ಈ ವಿಷಯದಲ್ಲಿ ಗುರು ಅಂದರೆ ಅಮೆರಿಕದ ಲೂಯಿಸ್ ಹೈನ್. 1908ರಿಂದ ಬಾಲಕಾರ್ಮಿಕ ವಿರೋಧಿ ಸಮಿತಿಗೋಸ್ಕರ ಗಿರಣಿ, ಗಣಿಗಳಲ್ಲಿ ಮಕ್ಕಳ ಫೋಟೋ ತೆಗೆದವರು. ಮಾಲೀಕರು ಒಳಗೆ ಬಿಡುತ್ತಿರಲಿಲ್ಲ, ಹೈನ್ ಏನೇನೋ ನೆಪ ಹೇಳಿ ನುಗ್ಗುತ್ತಿದ್ದರು. ಮಕ್ಕಳ ಎತ್ತರವನ್ನು ತಮ್ಮ ಕೋಟಿನ ಗುಂಡಿಗಳಿಗೆ ಹೋಲಿಸಿ ಅಳೆದು, ಜೇಬಿನೊಳಗೇ ಕೈ ಇಟ್ಟು ಗುಟ್ಟಾಗಿ ಬರೆದುಕೊಳ್ಳುತ್ತಿದ್ದರಂತೆ. ವಯಸ್ಸು, ಕೂಲಿ, ಎಷ್ಟು ವರ್ಷದಿಂದ ಕೆಲಸ, ಎಲ್ಲ ಬರೆದರು. ಆ ಚಿತ್ರಗಳಿಗೆ ಬಲ ಬಂದದ್ದು ಆ ಟಿಪ್ಪಣಿಯಿಂದ.

ನಾನು ಜೇಬಿನಲ್ಲಿ ಸಣ್ಣ ನೋಟ್‌ಬುಕ್ ಇಟ್ಟಿರುತ್ತೇನೆ. ಯಾರು, ಎಲ್ಲಿಂದ ಬಂದವರು, ಯಾವ ದಿನ, ಏನು ಕೇಳುತ್ತಿದ್ದಾರೆ. ಜೊತೆಗೆ ಹೆಚ್ಚಿನವರು ಮರೆಯುವ ಒಂದು ವಿಷಯ: ಯಾರನ್ನು ಕೇಳುತ್ತಿದ್ದಾರೆ. ಪಿಎಫ್ ನಿಯಮ ಕೇಂದ್ರದ್ದು, ಬೆಂಗಳೂರಿನಲ್ಲಿ ಕಲ್ಲು ಬಿದ್ದ ಕಾರಣಕ್ಕೆ ರಾಜ್ಯದವರನ್ನು ಬೈದರೆ ಏನು ಬಂತು? ಆಶಾ ಕಾರ್ಯಕರ್ತೆಯರಿಗೆ ಕೇಂದ್ರದ ಪಾಲೂ ಇದೆ, ರಾಜ್ಯದ ಪಾಲೂ ಇದೆ. ‘ಬೆಂಗಳೂರಿನಲ್ಲಿ ಪ್ರತಿಭಟನೆ ನಡೆಸುತ್ತಿರುವ ಮಹಿಳೆಯರು’ ಅಂತ ಬರೆದರೆ ಅದು ಬರೀ ಭರ್ತಿಗೆ. ‘ಮಸ್ಟರಿಂಗ್ ಸೆಂಟರಿನಲ್ಲಿ ಬೆಳಿಗ್ಗೆ ಹಾಜರಿ ಹಾಕುತ್ತಿರುವ ಪೌರಕಾರ್ಮಿಕರು. ನೌಕರಿ ಕಾಯಂ ಮಾಡಬೇಕೆಂದು ರಾಜ್ಯ ಸರ್ಕಾರವನ್ನು ಕೇಳುತ್ತಿದ್ದಾರೆ, ಜುಲೈ 2022’ ಅಂತ ಬರೆದರೆ ಆ ಚಿತ್ರ ಇನ್ನೂ ಕೆಲಸ ಮಾಡುತ್ತಿರುತ್ತದೆ.

ಈಗ ಮುಖದ ವಿಷಯ. ಇದರಲ್ಲಿ ನನ್ನದು ಸ್ವಲ್ಪ ಹಟ. ಸಾರ್ವಜನಿಕ ಜಾಗದಲ್ಲಿ ಫೋಟೋ ತೆಗೆಯಲು ಯಾರ ಅನುಮತಿಯೂ ಬೇಡ ಅಂತ ವಾದ ಮಾಡುವವರಿದ್ದಾರೆ. ಕಾನೂನಿಗೆ ಸರಿ ಇರಬಹುದು. ಆದರೆ ಮೈ ಹುಷಾರಿಲ್ಲ ಅಂತ ರಜೆ ಹಾಕಿ ಬಂದ ಗಾರ್ಮೆಂಟ್ಸ್ ಹುಡುಗಿಯ ಮುಖ ಮಾರನೇ ದಿನ ಸೂಪರ್‌ವೈಸರ್ ಮೊಬೈಲಿನಲ್ಲಿ ಇರುತ್ತದೆ. ಕರೆದು ಬೈಯುತ್ತಾರೆ, ಪ್ರೊಡಕ್ಷನ್ ಜಾಸ್ತಿ ಹಾಕುತ್ತಾರೆ, ಗೇಟಿನಲ್ಲೇ ನಿಲ್ಲಿಸುತ್ತಾರೆ. ನನ್ನ ಮುಂದೆ ಅತ್ತು ಹೇಳಿದವರಿದ್ದಾರೆ. 2020ರ ದೆಹಲಿ ಗಲಭೆಯ ನಂತರ ಮುಖ ಗುರುತಿಸುವ ಸಾಫ್ಟ್‌ವೇರಿನಿಂದ 1,100ಕ್ಕೂ ಹೆಚ್ಚು ಜನರನ್ನು ಪತ್ತೆ ಮಾಡಿದ್ದೇವೆ ಅಂತ ಕೇಂದ್ರ ಗೃಹ ಸಚಿವರೇ ಲೋಕಸಭೆಯಲ್ಲಿ ಹೇಳಿದರು. ಗಲಭೆ ಮಾಡಿದವರನ್ನು ಹಿಡಿಯಲಿ, ಬೇಡ ಅನ್ನಲ್ಲ. ಆದರೆ ಸುಮ್ನೆ ಬಂದು ಕೂತವರ ಮುಖವನ್ನು ಯಾರು ಯಾವ ಪಟ್ಟಿಗೆ ಸೇರಿಸುತ್ತಾರೋ ನಮಗೆ ಹೇಗೆ ಗೊತ್ತಾಗಬೇಕು?

ಹಾಗಾಗಿ ಕೆಲಸ ಶುರು ಮಾಡುವ ಮುಂಚೆ ವೇದಿಕೆಯ ಮೈಕಿನಲ್ಲೇ ಹೇಳಿಸುತ್ತೇನೆ: ಇವರು ನಮ್ಮ ಕಡೆಯ ಫೋಟೋಗ್ರಾಫರ್, ಮುಖ ಬೇಡ ಅನ್ನುವವರು ಕೈ ಎತ್ತಿ ಹೇಳಿ ಅಂತ. ಕೆಲವರು ಸೆರಗು ಮುಚ್ಚಿಕೊಳ್ಳುತ್ತಾರೆ. ಕೆಲವರು ಉಲ್ಟಾ, ‘ನಂದು ದೊಡ್ಡದಾಗಿ ಹಾಕಣ್ಣ, ಯಾರಿಗೂ ಹೆದರಲ್ಲ’ ಅನ್ನುತ್ತಾರೆ. ಅವರ ಇಷ್ಟ. ಬೆನ್ನ ಹಿಂದಿನಿಂದ, ಬ್ಯಾನರ್ ಕಡೆಗೆ ಮುಖ ಮಾಡಿ ಕೂತ ಜನರನ್ನು ತೆಗೆದರೆ ಎಷ್ಟೋ ಸಲ ಚಿತ್ರ ಚೆನ್ನಾಗಿಯೇ ಬರುತ್ತದೆ. ಮಕ್ಕಳನ್ನು ಕಂಕುಳಲ್ಲಿಟ್ಟು ಬಂದಿರುತ್ತಾರೆ, ಮಕ್ಕಳ ಮುಖ ನಾನು ಹೊರಗೆ ಹಾಕುವುದೇ ಇಲ್ಲ. ಮೊಬೈಲಿನಲ್ಲಿ ತೆಗೆಯುವವರು ಲೊಕೇಶನ್ ಆಫ್ ಮಾಡಿಕೊಳ್ಳಿ. ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಕಳಿಸಿದರೆ ಜಾಗದ ಮಾಹಿತಿ ಹೋಗುವುದಿಲ್ಲ, ಡಾಕ್ಯುಮೆಂಟ್ ಅಂತ ಕಳಿಸಿದರೆ ಹೋಗುತ್ತದೆ. ಮನೆಯಲ್ಲಿ ಮೀಟಿಂಗ್ ಮಾಡಿದ ಫೋಟೋ ಹಾಗೆ ಕಳಿಸಿದರೆ ಮನೆ ವಿಳಾಸ ಕೊಟ್ಟ ಹಾಗೇ ಆಯಿತಲ್ವಾ?

ಪೊಲೀಸರ ಜೊತೆ? ಮೊದಲ ಪ್ರಶ್ನೆ ಯಾವಾಗಲೂ ‘ಯಾವ ಪೇಪರ್ರೀ?’ ನಾನು ಸುಳ್ಳು ಹೇಳುವುದಿಲ್ಲ. ಸಂಘಟನೆಯವರು ಕೊಟ್ಟ ಒಂದು ಪತ್ರ ಜೇಬಿನಲ್ಲಿರುತ್ತದೆ, ತೋರಿಸುತ್ತೇನೆ. ಹೆಚ್ಚಿನ ಸಲ ಅಷ್ಟಕ್ಕೇ ಮುಗಿಯುತ್ತದೆ. ನೂಕಾಟ ಶುರುವಾದರೆ ಪೊಲೀಸರಿಗೂ ಜನರಿಗೂ ಮಧ್ಯೆ ನಿಲ್ಲಬೇಡಿ, ಪಕ್ಕಕ್ಕೆ ಬಂದು ಗೋಡೆಗೋ ಕಂಬಕ್ಕೋ ಬೆನ್ನು ಕೊಡಿ. ಟ್ರೈಪಾಡ್ ತರಲೇಬೇಡಿ. ಷೂ ಗಟ್ಟಿ ಇರಲಿ. ಇದರಲ್ಲಿ ಹೀರೋ ಆಗುವ ಮಾತು ನನಗೆ ಹಿಡಿಸುವುದಿಲ್ಲ.

ತೆಗೆದ ಮೇಲಿನ ಕೆಲಸವೇ ಈಗೀಗ ಜಾಸ್ತಿ. ಕಾರಣ ಎರಡು ಘಟನೆಗಳು. 2020ರ ನವೆಂಬರಿನಲ್ಲಿ ದೆಹಲಿಯ ಗಡಿಯಲ್ಲಿ ಪಿಟಿಐ ಸುದ್ದಿಸಂಸ್ಥೆಯ ರವಿ ಚೌಧರಿ ಒಂದು ಚಿತ್ರ ತೆಗೆದರು. ವಯಸ್ಸಾದ ಸಿಖ್ ರೈತರ ಮೇಲೆ ಅರೆಸೇನಾ ಪಡೆಯವರು ಲಾಠಿ ಎತ್ತಿರುವುದು. ಅದು ಹಬ್ಬಿದ ಕೂಡಲೇ ಕೆಲವರು ಕೆಲವೇ ಸೆಕೆಂಡಿನ ಒಂದು ವಿಡಿಯೋ ತುಣುಕು ಬಿಟ್ಟು, ಲಾಠಿ ತಾಗಲೇ ಇಲ್ಲ, ಫೋಟೋ ಬರೀ ಪ್ರಚಾರ ಅಂದರು. ಆಮೇಲೆ ಆ ರೈತರೇ ತಮ್ಮ ಮೈಮೇಲಿನ ಗಾಯ ತೋರಿಸಿದರು. ಇನ್ನೊಂದು 2023ರ ಮೇ 28ರದ್ದು. ಹೊಸ ಸಂಸತ್ ಭವನ ಉದ್ಘಾಟನೆಯ ದಿನ ಪ್ರತಿಭಟನೆ ಮಾಡುತ್ತಿದ್ದ ಕುಸ್ತಿಪಟುಗಳನ್ನು ಪೊಲೀಸರು ವಶಕ್ಕೆ ತಗೊಂಡರು. ವಾಹನದೊಳಗೆ ಕೂತ ವಿನೇಶ್ ಮತ್ತು ಸಂಗೀತಾ ಫೋಗಟ್ ಅವರ ಫೋಟೋದಲ್ಲಿ ಮುಖದ ಮೇಲೆ ಯಾರೋ ನಗು ಅಂಟಿಸಿ ಹರಿಬಿಟ್ಟರು. ಮೂಲ ಫೋಟೋದಲ್ಲಿ ನಗುವೇ ಇರಲಿಲ್ಲ. ಮೂಲ ಸಿಕ್ಕಿದ್ದರಿಂದ ಸುಳ್ಳು ಬಯಲಾಯಿತು.

ಅದಕ್ಕೇ ಮೂಲ ಫೈಲ್ ಅನ್ನೋದು ನನಗೆ ಬಂಗಾರ. ಅವತ್ತು ರಾತ್ರಿಯೇ ಕಾರ್ಡಿನಿಂದ ಎರಡು ಡಿಸ್ಕಿಗೆ ಕಾಪಿ. ಒಂದು ಮನೆಯಲ್ಲಿ, ಒಂದು ಬೇರೆ ಕಡೆ. ಮಂಕಾದದ್ದು, ಅಲುಗಿದ್ದು ಅಂತ ಯಾವುದನ್ನೂ ಅಳಿಸುವುದಿಲ್ಲ, ಯಾಕೆಂದರೆ ಒಂದು ಫ್ರೇಮಿನ ಹಿಂದಿನದು ಮುಂದಿನದು ಇದ್ದರೇ ನಡೆದದ್ದನ್ನು ತೋರಿಸಲು ಆಗೋದು. ಬಣ್ಣ, ಬೆಳಕು ತಿದ್ದುವುದು ಕಾಪಿಯಲ್ಲಿ ಮಾತ್ರ. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಕೋರ್ಟಿಗೆ ಡಿಜಿಟಲ್ ಫೋಟೋ ಕೊಡುವಾಗ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ನಂಬರ್, ಅಂದರೆ ಆ ಫೈಲಿನಿಂದಲೇ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಸಂಖ್ಯೆ ಬರೆಯಬೇಕು. ಫೈಲಿನಲ್ಲಿ ಒಂದು ಚುಕ್ಕಿ ಬದಲಾದರೂ ಆ ನಂಬರ್ ಬದಲಾಗುತ್ತದೆ. ಕಂಪ್ಯೂಟರಿನಲ್ಲಿ ಉಚಿತ ಸಾಫ್ಟ್‌ವೇರ್ ಇವೆ, ಫೋಲ್ಡರ್ ಕೊಟ್ಟರೆ ಪಟ್ಟಿ ಬರುತ್ತದೆ. ನೂಕಾಟ, ಬಂಧನ ಆದ ದಿನದ ಫೈಲುಗಳಿಗೆ ಅವತ್ತೇ ಮಾಡಿಟ್ಟುಕೊಳ್ಳುತ್ತೇನೆ. ವಕೀಲರು ಮೂರು ವರ್ಷ ಬಿಟ್ಟು ಕೇಳಬಹುದು.

ದುಡ್ಡಿನ ವಿಷಯ ಯಾರೂ ಬಾಯಿ ಬಿಟ್ಟು ಕೇಳಲ್ಲ, ನಾನೇ ಹೇಳುತ್ತೇನೆ. ಸಂಘಟನೆಗಳಿಂದ ತಗೊಳ್ಳಲ್ಲ, ಊಟ ಹಾಕುತ್ತಾರೆ. ಪುಳಿಯೋಗರೆ ಪೊಟ್ಟಣ, ಮಜ್ಜಿಗೆ. ಪತ್ರಿಕೆ, ವೆಬ್‌ಸೈಟಿನವರು ಕೇಳಿದರೆ ತಗೊಳ್ಳುತ್ತೇನೆ, ಫೋಟೋದ ಕೆಳಗಿನ ಸಾಲು ಬದಲಿಸಬಾರದು ಅನ್ನುವ ಕರಾರಿನ ಮೇಲೆ. ಎಲ್ಲರೂ ಒಪ್ಪಲ್ಲ, ಬಿಟ್ಟುಬಿಡುತ್ತೇನೆ. ಬಂದದ್ದರಲ್ಲಿ ಪ್ರಿಂಟ್ ಹಾಕಿಸಿ ಫೋಟೋದಲ್ಲಿ ಇರುವವರಿಗೆ ತಲುಪಿಸುತ್ತೇನೆ. ಇದನ್ನು ಮಾತ್ರ ತಪ್ಪಿಸುವುದಿಲ್ಲ. ಪೋಸ್ಟ್‌ಕಾರ್ಡ್ ಸೈಜಿನ ಪ್ರಿಂಟಿಗೆ ಏನು ಮಹಾ ಖರ್ಚು? ಮೊದಲ ಸಲ ಕೊಟ್ಟಾಗ ಫೋಟೋ ನೋಡುತ್ತಾರೆ. ಎರಡನೇ ಸಲ ಹೋದಾಗ ಟ್ರಂಕಿನಿಂದ ಹಳೇ ಪಿಎಫ್ ಕಾಗದ, ನೋಟಿಸು, ತಹಶೀಲ್ದಾರರ ಉತ್ತರ ತೆಗೆದು ತಾವಾಗೇ ಮುಂದಿಡುತ್ತಾರೆ, ‘ಇದನ್ನೂ ತೆಗೆದುಕೋ’ ಅಂತ. ನನ್ನ ಹತ್ತಿರ ಇರುವ ಒಳ್ಳೆಯ ಫೋಟೋಗಳಲ್ಲಿ ಅರ್ಧ ಹಾಗೆ ಸಿಕ್ಕಿದ್ದು, ಬೀದಿಯಲ್ಲಲ್ಲ.